ಒಡಕು ದನಿಯ ಚರಿತ್ರೆ

ಕಳೆದ ಚಳಿಗಾಲದ ಒಂದು ಭಾನುವಾರ, ದೆಹಲಿಯ ನಮ್ಮ ಸರ್ಕಾರಿ ವಸತಿಗೃಹದ ಒಳಕೋಣೆಯಿಂದ ತಗಡನ್ನು ಹರಿದಂತಹ ಸದ್ದೊಂದು ಕೇಳಿಬಂದಿತು. ಹೋಗಿ ನೋಡಿದರೆ, ಹನ್ನೊಂದನೆಯ ತರಗತಿಯಲ್ಲಿ ಓದುತ್ತಿರುವ ನಮ್ಮ ಮಗ ಗಿಟಾರನ್ನು ತೊಡೆಯ ಮೇಲಿರಿಸಿಕೊಂಡು, ತಾನೇ ಬೆಸುಗೆ ಹಾಕಿದ ಚಿಕ್ಕದೊಂದು ಸರ್ಕ್ಯೂಟಿನ ಮೂಲಕ ಅದನ್ನು ಧ್ವನಿವರ್ಧಕಕ್ಕೆ ಜೋಡಿಸಿ ಕುಳಿತಿದ್ದ. "ಸ್ಪೀಕರ್ ಹರದದ, ಮೊದಲು ಅದನ್ನ ರಿಪೇರಿ ಮಾಡಸು" ಎಂದು ಗದರಿದೆವು. ಅವನು ತಲೆಯೆತ್ತದೆಯೇ, "ಏನೂ ಕೆಟ್ಟಿಲ್ಲಪ್ಪಾ. ಇದು ಹಿಂಗ ಇರಬೇಕು" ಎಂದ.

ನಾವು ಇಂಗ್ಲಿಷ್ ಸಾಹಿತ್ಯವನ್ನು ಓದಿ, ಕಡತಗಳ ಮೇಲೆ ಟಿಪ್ಪಣಿ ಬರೆದು ಬದುಕುವವರು. ವಿದ್ಯುನ್ಮಾನದ ಗಂಧ ನಮಗಿಲ್ಲ. ಆದರೆ ಕೆಟ್ಟಂತೆ ಕೇಳಿಸುವುದು ಕೆಟ್ಟಿಲ್ಲವೆಂಬ ಆ ಮಾತು ನಮ್ಮನ್ನು ಬಿಡಲಿಲ್ಲ. ಕೆಟ್ಟ ಸದ್ದು ಬೇಕಾದ ಸದ್ದಾದುದು ಯಾವಾಗ, ಯಾರಿಂದ? ಈ ಪ್ರಶ್ನೆಯ ಬೆನ್ನು ಹತ್ತಿ ನಾವು ತಿಳಿದುಕೊಂಡುದನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಮೊದಲು ಆ ಸದ್ದಿನ ಸ್ವರೂಪವನ್ನು ತಿಳಿಯಬೇಕು. ಗಿಟಾರಿನ ತಂತಿ ಕಂಪಿಸಿದಾಗ ಅದರ ಕೆಳಗಿರುವ ಅಯಸ್ಕಾಂತ ಮತ್ತು ಸುರುಳಿಯಲ್ಲಿ ಬಹಳ ಸಣ್ಣ ವಿದ್ಯುತ್ ಅಲೆ ಹುಟ್ಟುತ್ತದೆ. ಅದು ಒಂದು ವೋಲ್ಟಿನ ಹತ್ತನೆಯ ಒಂದು ಪಾಲಿನ ಆಸುಪಾಸಿನದು. ಅದನ್ನು ಹಿಗ್ಗಿಸುವುದು ಟ್ರಾನ್ಸಿಸ್ಟರಿನ ಕೆಲಸ. ಆದರೆ 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಟ್ರಾನ್ಸಿಸ್ಟರು ಅಲೆಯನ್ನು 9 ವೋಲ್ಟಿನಾಚೆಗೆ ಹಿಗ್ಗಿಸಲಾರದು. ಎತ್ತರ ಕಡಿಮೆಯಿರುವ ಬಾಗಿಲಿನಲ್ಲಿ ಆಳುದ್ದದ ಮನುಷ್ಯ ತಲೆ ತಗ್ಗಿಸಲೇಬೇಕು. ಅಲೆಗೆ ತಗ್ಗಿಸುವ ಉಪಾಯವಿಲ್ಲವಾದುದರಿಂದ ಅದರ ತಲೆಯೇ ಕತ್ತರಿಸಿಹೋಗುತ್ತದೆ. ದುಂಡಗಿದ್ದ ಅಲೆಯ ನೆತ್ತಿ ಮಟ್ಟಸವಾಗುತ್ತದೆ. ಈ ಮಟ್ಟಸವೇ ನಮ್ಮ ಕಿವಿಗೆ ಒಡಕು.

ಕತ್ತರಿಸಿದರೆ ಕಡಿಮೆಯಾಗಬೇಕಲ್ಲವೇ? ನಾದದಲ್ಲಿ ಹಾಗಾಗುವುದಿಲ್ಲ. ಅಲೆಯ ಆಕಾರ ಬದಲಾದೊಡನೆ ಮೂಲಸ್ವರದ ಎರಡು ಪಟ್ಟು, ಮೂರು ಪಟ್ಟು, ಐದು ಪಟ್ಟು ಆವರ್ತನದ ಹೊಸ ಸ್ವರಗಳು ಹುಟ್ಟಿಕೊಳ್ಳುತ್ತವೆ. ಮೇಲೂ ಕೆಳಗೂ ಸಮನಾಗಿ ಕತ್ತರಿಸಿದರೆ ಬೆಸಸಂಖ್ಯೆಯ ಪಟ್ಟುಗಳು ಮಾತ್ರ ಸೇರುತ್ತವೆ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕತ್ತರಿಸಿದರೆ ಸಮಸಂಖ್ಯೆಯವೂ ಬರುತ್ತವೆ. ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದಾಗ ಇನ್ನೂ ಒಂದು ಸಂಗತಿ ನಡೆಯುತ್ತದೆ. ಆ ಎರಡರ ಮೊತ್ತ ಹಾಗೂ ವ್ಯತ್ಯಾಸಗಳೂ ಸ್ವರಗಳಾಗಿ ಕೇಳುತ್ತವೆ. 110 ಮತ್ತು 165 ಹರ್ಟ್ಸ್‌ಗಳನ್ನು, ಅಂದರೆ ಷಡ್ಜ ಪಂಚಮಗಳನ್ನು, ಜೊತೆಯಾಗಿ ಮೀಟಿದರೆ ಅವುಗಳ ವ್ಯತ್ಯಾಸವಾದ 55 ಹರ್ಟ್ಸ್ ಕೆಳಗಿನ ಸ್ಥಾಯಿಯ ಷಡ್ಜವಾಗಿ ಮೊಳಗುತ್ತದೆ. ಯಾರೂ ನುಡಿಸದ ಮಂದ್ರವೊಂದು ತಾನಾಗಿ ಸೇರಿಕೊಳ್ಳುತ್ತದೆ. ಗಾಂಧಾರವನ್ನೂ ಸೇರಿಸಿದರೆ ಈ ವ್ಯತ್ಯಾಸಗಳು ಒಂದರೊಡನೊಂದು ಹೊಂದದೆ ಕಲಸುಮೇಲೋಗರವಾಗುತ್ತದೆ. ರಾಕ್ ಸಂಗೀತದಲ್ಲಿ ಷಡ್ಜ ಪಂಚಮಗಳ ಬರಿಯ ಜೋಡಿ ಅಷ್ಟೊಂದು ಬಳಕೆಯಾಗಲು ಈ ಒಡಕೇ ದೊಡ್ಡ ಕಾರಣ. ಯಂತ್ರದ ಮಿತಿಯೊಂದು ಒಂದು ಸಂಗೀತದ ವ್ಯಾಕರಣವನ್ನೇ ತಿದ್ದಿತು.

ಇನ್ನು ಚರಿತ್ರೆ. 1951ರ ಮಾರ್ಚಿನಲ್ಲಿ ಅಮೆರಿಕದ ಮಿಸಿಸಿಪ್ಪಿಯಿಂದ ಐಕ್ ಟರ್ನರನ ಕಪ್ಪು ಯುವಕರ ವಾದ್ಯತಂಡವೊಂದು ಮೆಂಫಿಸ್ ನಗರದ ಸ್ಯಾಮ್ ಫಿಲಿಪ್ಸನ ಧ್ವನಿಮುದ್ರಣಾಲಯಕ್ಕೆ ಹೊರಟಿತು. ದಾರಿಯಲ್ಲಿ ಗಿಟಾರ್ ವಾದಕ ವಿಲ್ಲಿ ಕಿಜಾರ್ಟನ ಧ್ವನಿವರ್ಧಕಕ್ಕೆ ಪೆಟ್ಟಾಯಿತು. ಕಾರಿನಿಂದ ಬಿದ್ದಿತೆಂದು ಒಂದು ಪಾಠ, ಮಳೆಯಲ್ಲಿ ನೆನೆಯಿತೆಂದು ಇನ್ನೊಂದು. ಬೇರೆಯದನ್ನು ತರಲು ಸಮಯವಿರಲಿಲ್ಲ. ಫಿಲಿಪ್ಸ್ ಸ್ಪೀಕರಿನೊಳಗೆ ಕಾಗದ ತುರುಕಿ ಮುದ್ರಣ ನಡೆಸಿದ. ಹೀಗೆ 'ರಾಕೆಟ್ 88' ಎಂಬ ಹಾಡಿನಲ್ಲಿ ಗಿಟಾರು ಗೊರಗೊರ ಎನ್ನುವ ಒಡಕು ದನಿಯಲ್ಲಿ ಹೊರಬಂದಿತು. ಮೊದಲ ರಾಕ್ ಅಂಡ್ ರೋಲ್ ಮುದ್ರಿಕೆ ಇದೇ ಎಂದು ಅನೇಕರು ಹೇಳುತ್ತಾರೆ. ಮುದ್ರಿಕೆಯ ಮೇಲೆ ಹಾಡುಗಾರ ಜ್ಯಾಕಿ ಬ್ರೆನ್‌ಸ್ಟನ್ನನ ಹೆಸರು ಬಂದಿತು. ಟರ್ನರನ ಹೆಸರೂ ಬರಲಿಲ್ಲ, ಕಿಜಾರ್ಟನದಂತೂ ಇಲ್ಲವೇ ಇಲ್ಲ.

ಆಮೇಲೆ ಒಡಕನ್ನು ಬೇಕೆಂದೇ ಮಾಡಿಕೊಂಡವರು ಬಂದರು. 1958ರಲ್ಲಿ ಲಿಂಕ್ ರೇ ತನ್ನ ಸ್ಪೀಕರಿನ ಕಾಗದಕ್ಕೆ ಪೆನ್ಸಿಲಿನಿಂದ ತೂತು ಕೊರೆದು 'ರಂಬಲ್' ನುಡಿಸಿದ. ಒಂದು ಪದವೂ ಇಲ್ಲದ ಆ ವಾದ್ಯಕೃತಿಯನ್ನು ಕೆಲವು ರೇಡಿಯೋ ನಿಲಯಗಳು ಹಿಂಸೆಗೆ ಪ್ರಚೋದನೆಯಾದೀತೆಂದು ಪ್ರಸಾರ ಮಾಡದೆ ಬಿಟ್ಟವು. ಅರ್ಥವಿಲ್ಲದ ಸದ್ದಿಗೆ ಅರ್ಥ ಹಚ್ಚಿ ಹೆದರಿದ ಅಧಿಕಾರದ ಉದಾಹರಣೆ ಇದಕ್ಕಿಂತ ಚೊಕ್ಕದು ಸಿಗಲಾರದು. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್, ಇನ್ನೂ ಹದಿಹರೆಯದವನು, ತನ್ನ ಅಗ್ಗದ ಪುಟ್ಟ ಧ್ವನಿವರ್ಧಕದ ಸ್ಪೀಕರನ್ನು ಕ್ಷೌರದ ಬ್ಲೇಡಿನಿಂದ ಸೀಳಿ ಅದೇ ಬಗೆಯ ದನಿಯನ್ನು ಪಡೆದ.

ಆದರೆ ಹರಿದ ಸ್ಪೀಕರನ್ನು ಮತ್ತೆ ಹರಿಯಲಾಗದು. ಒಡಕಿಗೆ ಆಯುಷ್ಯ ಕಡಿಮೆ. ಇಲ್ಲಿಂದಲೇ ನಮ್ಮ ಕಥೆಯ ಮುಖ್ಯ ಭಾಗ ಆರಂಭವಾಗುತ್ತದೆ. ನ್ಯಾಶ್‌ವಿಲ್ ನಗರದಲ್ಲಿ ಮಾರ್ಟಿ ರಾಬಿನ್ಸನ 'ಡೋಂಟ್ ವರಿ' ಎಂಬ ಮೆಲುದನಿಯ ಹಾಡಿನ ಧ್ವನಿಮುದ್ರಣ ನಡೆಯುತ್ತಿದ್ದಾಗ, ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬೇಸ್ ಗಿಟಾರಿನ ದನಿ ಮುದ್ರಣಫಲಕದ ದೋಷದಿಂದ ಕರ್ಕಶವಾಗಿ ಒಡೆಯಿತು. ಅದನ್ನು ತೆಗೆದುಹಾಕದೆ ಹಾಗೆಯೇ ಉಳಿಸಿಕೊಂಡರು. 1961ರಲ್ಲಿ ಬಿಡುಗಡೆಯಾದ ಆ ಹಾಡು ಜನಪ್ರಿಯವೂ ಆಯಿತು. ಬೇರೆಯವರೂ ಆ ದನಿಯನ್ನು ಬಯಸಿ ಬಂದರು. ಅಷ್ಟರಲ್ಲಿ ಆ ದೋಷಪೂರಿತ ಭಾಗ ಪೂರ್ತಿಯಾಗಿ ಸತ್ತುಹೋಗಿತ್ತು. ಆಗ ಧ್ವನಿತಂತ್ರಜ್ಞ ಗ್ಲೆನ್ ಸ್ನಾಡಿ ಕುಳಿತು ಯೋಚಿಸಿದ: ಕೆಟ್ಟದ್ದು ಹೇಗೆ ಕೆಟ್ಟಿತ್ತು? ಅದನ್ನು ತಿಳಿದು, ರೆವಿಸ್ ಹಾಬ್ಸ್ ಎಂಬ ಇನ್ನೊಬ್ಬ ತಂತ್ರಜ್ಞನೊಡನೆ ಸೇರಿ, ಮೂರು ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಸರ್ಕ್ಯೂಟೊಂದನ್ನು ರಚಿಸಿದ. ಗಿಬ್ಸನ್ ಸಂಸ್ಥೆ ಅದನ್ನು 1962ರಲ್ಲಿ 'ಮೇಸ್ಟ್ರೋ ಫಜ್-ಟೋನ್' ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಕಾಲಿನಿಂದ ಒತ್ತಿ ಚಾಲೂ ಮಾಡುವ, ಎರಡು ಸಣ್ಣ ಸೆಲ್ಲುಗಳಿಂದ ನಡೆಯುವ ಪೆಟ್ಟಿಗೆ ಅದು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಅದುವರೆಗಿನ ಒಡಕು ಆಕಸ್ಮಿಕವಾಗಿತ್ತು ಅಥವಾ ಬ್ಲೇಡು ಪೆನ್ಸಿಲುಗಳ ಪುಂಡಾಟವಾಗಿತ್ತು. ಸ್ನಾಡಿಯ ಕೈಯಲ್ಲಿ ಮೊದಲ ಬಾರಿಗೆ ದೋಷವು ಜ್ಞಾನವಾಯಿತು. ಬೇಕೆಂದಾಗ ಕರೆಯಬಹುದಾದ, ಬೇಡವೆಂದಾಗ ಕಳಿಸಬಹುದಾದ ದೋಷ ಅದು. ಆದರೂ ಅದರ ತಯಾರಕರಿಗೇ ಆ ದನಿಯ ಸ್ವಂತಿಕೆಯಲ್ಲಿ ನಂಬಿಕೆಯಿರಲಿಲ್ಲ. ಗಿಟಾರಿನಿಂದ ಟ್ಯೂಬಾ, ಟ್ರಾಂಬೋನ್, ಚೆಲ್ಲೋಗಳ ನಾದವನ್ನು ಹೊರಡಿಸಬಹುದೆಂದು ಅವರು ಜಾಹೀರಾತು ಕೊಟ್ಟರು. ಆರಂಭದ ಉತ್ಸಾಹದ ನಂತರ ಪೆಟ್ಟಿಗೆಗಳು ಅಂಗಡಿಗಳಲ್ಲಿ ಧೂಳು ತಿಂದವು. 1965ರ ಮೇ ತಿಂಗಳಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿಗೆ ಅದನ್ನು ಬಳಸಿದಾಗಲೂ ಅವನ ಮನಸ್ಸಿನಲ್ಲಿದ್ದುದು ತುತ್ತೂರಿಗಳ ಮೇಳವೇ. ಫಜ್ ಅದರ ತಾತ್ಕಾಲಿಕ ನಕ್ಷೆ ಮಾತ್ರ. ನಕ್ಷೆಯೇ ಪ್ರಕಟವಾಯಿತು, ಜಗತ್ತು ಅದನ್ನೇ ಮೆಚ್ಚಿತು. ಆ ವರ್ಷ ಮುಗಿಯುವುದರೊಳಗೆ ಅಂಗಡಿಗಳಲ್ಲಿದ್ದ ಪೆಟ್ಟಿಗೆಗಳೆಲ್ಲ ಖರ್ಚಾದವು. ರಿಚರ್ಡ್ಸ್ ಬಯಸಿದ್ದ ತುತ್ತೂರಿಗಳನ್ನು ಅದೇ ವರ್ಷ ಓಟಿಸ್ ರೆಡಿಂಗ್ ತನ್ನ ಆವೃತ್ತಿಯಲ್ಲಿ ಸೇರಿಸಿದ. ಆದರೆ ಜನರ ಕಿವಿಯಲ್ಲಿ ಉಳಿದದ್ದು ಒಡಕು ಗಿಟಾರೇ.

1966ರಲ್ಲಿ ಲಂಡನ್ನಿನ ಐವರ್ ಆರ್ಬಿಟರನ ಸಂಸ್ಥೆ 'ಫಜ್ ಫೇಸ್' ಎಂಬ ದುಂಡನೆಯ ಪೆಟ್ಟಿಗೆಯನ್ನು ತಂದಿತು. ಮೈಕಿನ ಕಂಬದ ದುಂಡು ಬುಡವೇ ಆ ಆಕಾರಕ್ಕೆ ಪ್ರೇರಣೆ. ಒಳಗೆ ಎರಡು ಟ್ರಾನ್ಸಿಸ್ಟರು, ನಾಲ್ಕು ರೆಸಿಸ್ಟರು, ಮೂರು ಕೆಪಾಸಿಟರು, ತಿರುಗಿಸುವ ಎರಡು ಗುಂಡಿಗಳು: ಒಟ್ಟು ಹನ್ನೊಂದೇ ಭಾಗಗಳು. ಜಿಮಿ ಹೆಂಡ್ರಿಕ್ಸನ ಕಾಲಡಿಯಲ್ಲಿದ್ದುದು ಇದೇ. ಅವನಿಗಾಗಿ ಇಂತಹ ಪೆಟ್ಟಿಗೆಗಳನ್ನು ಬಿಚ್ಚಿ ತಿದ್ದಿಕೊಡುತ್ತಿದ್ದ ರೋಜರ್ ಮೇಯರ್ ಬ್ರಿಟಿಷ್ ನೌಕಾ ಇಲಾಖೆಯಲ್ಲಿ ಧ್ವನಿ ಮತ್ತು ಕಂಪನಗಳನ್ನು ವಿಶ್ಲೇಷಿಸುವ ಸರ್ಕಾರಿ ಕೆಲಸದಲ್ಲಿದ್ದವನು ಎಂಬುದನ್ನು ಓದಿ, ಸರ್ಕಾರಿ ನೌಕರರಾದ ನಮಗೆ ಒಳಗೊಳಗೇ ಹೆಮ್ಮೆಯೆನಿಸಿತು.

ನಮ್ಮ ಮಗ ಬೆಸೆದದ್ದು ಈ ಹನ್ನೊಂದು ಭಾಗಗಳ ಸರ್ಕ್ಯೂಟನ್ನೇ. ಕೆಂಪುಕೋಟೆಯ ಎದುರಿನ ಲಜಪತ್ ರಾಯ್ ಮಾರುಕಟ್ಟೆಯಿಂದ ಬಿಡಿಭಾಗಗಳನ್ನು ತಂದಿದ್ದ. ಜರ್ಮೇನಿಯಂ ಸಿಗದೆ ಸಿಲಿಕಾನ್ ಟ್ರಾನ್ಸಿಸ್ಟರುಗಳನ್ನು ಹಾಕಿದ್ದ. ನಕ್ಷೆ ನೋಡಿ ಬೆಸೆದದ್ದಷ್ಟೇ, ಯಾವ ಭಾಗ ಏಕೆಂದು ಅವನಿಗೂ ತಿಳಿದಿರಲಿಲ್ಲ. ಅದು ನಮಗೆ ಗೊತ್ತಾದದ್ದು ಒಂದು ರಾತ್ರಿ. ತಂತಿ ಮುಟ್ಟದೆ ಇದ್ದಾಗಲೂ ಧ್ವನಿವರ್ಧಕದಿಂದ ಕ್ಷೀಣವಾಗಿ ಹಿಂದಿ ವಾರ್ತೆ ಕೇಳತೊಡಗಿತು. ಮಗ ಬೆಚ್ಚಿದ. ನಾವೂ ಬೆಚ್ಚಿದೆವು. ಆಮೇಲೆ ಇಬ್ಬರೂ ಸೇರಿ ಹುಡುಕಿ ಓದಿದಾಗ ತಿಳಿದದ್ದು ಇದು: ರೇಡಿಯೋ ಅಲೆಯ ಮೇಲೆ ಸವಾರಿ ಮಾಡಿಬರುವ ಮಾತನ್ನು ಇಳಿಸಿಕೊಳ್ಳಬೇಕಾದರೆ ಅಲೆಯ ಒಂದು ಮಗ್ಗುಲನ್ನು ಕತ್ತರಿಸಬೇಕು. ರೇಡಿಯೋದೊಳಗಿನ ಡಯೋಡು ಮಾಡುವುದು ಅದನ್ನೇ. ಕತ್ತರಿಸುವ ಗುಣವುಳ್ಳ ಯಾವ ಟ್ರಾನ್ಸಿಸ್ಟರಾದರೂ, ಮುಚ್ಚಳವಿಲ್ಲದ ಉದ್ದನೆಯ ತಂತಿ ಸಿಕ್ಕರೆ, ಅರೆಬರೆ ರೇಡಿಯೋ ಆಗಬಲ್ಲದು. ನಾದವನ್ನು ಕೆಡಿಸುವ ಗುಣವೂ ಆಕಾಶದಿಂದ ಮಾತನ್ನು ಹೆಕ್ಕುವ ಗುಣವೂ ಒಂದೇ ಎಂದು ತಿಳಿದಾಗ ನಮ್ಮ ತಿರಸ್ಕಾರ ಅರ್ಧ ಕರಗಿತು. ಟ್ರಾನ್ಸಿಸ್ಟರಿನ ಎರಡು ಕಾಲುಗಳ ನಡುವೆ 100 ಪಿಕೋಫ್ಯಾರಡ್‌ನ ಪುಟ್ಟ ಕೆಪಾಸಿಟರೊಂದನ್ನು ಬೆಸೆದು, ಎಲ್ಲವನ್ನೂ ಲೋಹದ ಡಬ್ಬಿಯೊಳಗಿಟ್ಟ ಮೇಲೆ ವಾರ್ತೆ ನಿಂತಿತು.

ಅಂದಿನಿಂದ ಅವನ ಕೆಲಸ ನಕಲಿನಿಂದ ತಿಳಿವಳಿಕೆಯ ಕಡೆಗೆ ತಿರುಗಿತು. ಸದ್ದು ಬಹಳ ಗುಮ್ಮೆನ್ನುತ್ತಿದೆಯೆಂದು, ಒಳಬರುವ ದಾರಿಯಲ್ಲಿದ್ದ 2.2 ಮೈಕ್ರೋಫ್ಯಾರಡ್‌ನ ಕೆಪಾಸಿಟರನ್ನು ತೆಗೆದು 0.1ರದನ್ನು ಹಾಕಿದ, ಮಂದ್ರದ ಭಾರ ಇಳಿದು ಸ್ವರಗಳು ಬಿಡಿಬಿಡಿಯಾದವು. ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ ವೋಲ್ಟೇಜನ್ನು ಅಳೆದ. ಅದು 9ರ ಅರ್ಧವಾದ 4.5ರ ಸಮೀಪದಲ್ಲಿದ್ದರೆ ಅಲೆಗೆ ಮೇಲೂ ಕೆಳಗೂ ಸಮನಾದ ಜಾಗ ಸಿಗುತ್ತದೆ. ಅವನದು 3 ವೋಲ್ಟಿನಲ್ಲಿತ್ತು. 8.2 ಕಿಲೋ ಓಮ್‌ನ ರೆಸಿಸ್ಟರಿನ ಜಾಗದಲ್ಲಿ ಸ್ಕ್ರೂಡ್ರೈವರಿನಿಂದ ತಿರುಗಿಸಬಹುದಾದ ಒಂದನ್ನು ಕೂರಿಸಿ, ಅಳೆಯುತ್ತ ತಿರುಗಿಸುತ್ತ ಸರಿಗೆ ತಂದ. ನಾವು ಮೀಟರಿನ ಅಂಕಿಗಳನ್ನು ಓದಿ ಹೇಳುವ ಗುಮಾಸ್ತರಾದೆವು.

ಆದರೂ ಅವನಿಗೆ ತೃಪ್ತಿಯಿರಲಿಲ್ಲ. ಸಿಲಿಕಾನಿನ ಒಡಕು ಗಾಜಿನ ಚೂರಿನಂತೆ ಚೂಪಾಗಿದೆ, ಹಳೆಯ ಜರ್ಮೇನಿಯಮ್ಮಿನ ಮೆತ್ತನೆಯ ಒಡಕು ಬೇಕು ಎಂದ. ಹೇಳಿ ಸುಮ್ಮನಾಗಲಿಲ್ಲ. ಅವನ ಕಣ್ಣು ಕಪಾಟಿನ ಮೇಲಿದ್ದ ನಮ್ಮ ತಂದೆಯವರ ರೇಡಿಯೋದ ಕಡೆಗೆ ಹೋಯಿತು. "ಅಜ್ಜಾರ ರೇಡಿಯೋದಾಗ ಇರತಾವಪ್ಪಾ" ಎಂದ.

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ, ನಮ್ಮವರ ಬಾಯಲ್ಲಿ ಬಿಇಎಲ್, ಸ್ಥಾಪನೆಯಾದದ್ದು 1954ರಲ್ಲಿ. ಜಾಲಹಳ್ಳಿಯ ಆ ಕಾರ್ಖಾನೆ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಯನ್ನು ಕೈಗೊಂಡಿತು. ನ್ಯಾಶ್‌ವಿಲ್ಲಿನ ಫಜ್ ಪೆಟ್ಟಿಗೆ ಅಂಗಡಿಗೆ ಬಂದದ್ದೂ ಅದೇ ವರ್ಷ. ಅಲ್ಲಿ ಆ ಲೋಹದಿಂದ ದನಿಯನ್ನು ಒಡೆಯುವ ಪೆಟ್ಟಿಗೆ ಹುಟ್ಟುತ್ತಿದ್ದಾಗ, ಇಲ್ಲಿ ಅದೇ ಲೋಹ ಹಳ್ಳಿಗಳಿಗೆ ದನಿಯನ್ನು ಒಯ್ಯಲು ಸಿದ್ಧವಾಗುತ್ತಿತ್ತು. ನಮ್ಮ ತಂದೆಯವರು ಆ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿಯನ್ನು ಕೇಳುತ್ತ ಬೆಳಗಿನ ಚಹಾ ಕುಡಿಯುತ್ತಿದ್ದರು. ಅದು ಹಾಡದೆ ಎಷ್ಟೋ ವರ್ಷಗಳಾದವು. ಅವರು ತೀರಿಕೊಂಡ ಮೇಲೆ ಧಾರವಾಡದ ಮನೆ ಖಾಲಿ ಮಾಡುವಾಗ ಅದನ್ನು ದೆಹಲಿಗೆ ತಂದಿದ್ದೆವು. ಒಳಗಿನದನ್ನು ತೆಗೆದರೆ ಉಳಿಯುವುದೇನು? ಒಂದು ವಾರ ನಾವು ಉತ್ತರ ಕೊಡಲಿಲ್ಲ.

ಆ ವಾರದಲ್ಲಿ ನಮಗೆ ಎರಡು ಸಂಗತಿಗಳು ನೆನಪಾದವು. ಮೊದಲನೆಯದು ತಂಬೂರಿ. ಅದರ ಕುದುರೆಯ ಮೇಲೆ ತಂತಿಯಡಿಗೆ ನೂಲಿನೆಳೆಯೊಂದನ್ನು ಸರಿಸಿ ಝೇಂಕಾರ ಹುಟ್ಟಿಸುತ್ತಾರೆ. ತಂತಿ ನೇರವಾಗಿ ಮಿಡಿಯದೆ ಕುದುರೆಗೆ ಸವರುತ್ತ ಕಂಪಿಸುವುದರಿಂದ ಮೇಲಿನ ಸ್ವರಗಳು ಎದ್ದುಬರುತ್ತವೆ. ಯಾರೂ ಮೀಟದ ಸ್ವಯಂಭೂ ಗಾಂಧಾರ ಕೇಳುತ್ತದೆ. ರೀತಿ ಬೇರೆಯಾದರೂ ಫಲ ಒಂದೇ ಜಾತಿಯದು: ಶುದ್ಧಸ್ವರಕ್ಕೆ ಅಡ್ಡಿ ಮಾಡಿ ಅದನ್ನು ತುಂಬಿಕೊಳ್ಳುವುದು. ಆ ನೂಲನ್ನು ನಮ್ಮವರು ದೋಷವೆನ್ನಲಿಲ್ಲ, ಜೀವಾಳ ಎಂದರು. ಆಫ್ರಿಕದ ಜಿಂಬಾಬ್ವೆಯವರು ತಮ್ಮ ಎಂಬಿರಾ ವಾದ್ಯಕ್ಕೆ ಚಿಪ್ಪುಗಳನ್ನೋ ಬಾಟಲಿಯ ಮುಚ್ಚಳಗಳನ್ನೋ ಕಟ್ಟಿ ಗಿಲಿಗುಟ್ಟಿಸುವುದೂ ಇದಕ್ಕಾಗಿಯೇ. ಜೀವಾಳಕ್ಕೆ ತಲೆದೂಗುವ ನಾವು ಫಜ್ಜಿಗೆ ಕಿವಿ ಮುಚ್ಚಿದ್ದು ಅಭ್ಯಾಸಬಲದಿಂದಲ್ಲದೆ ವಿವೇಕದಿಂದಲ್ಲ.

ಎರಡನೆಯದು ಒಂದು ಪದ, ಅಪಭ್ರಂಶ. 'ಗೌಃ' ಎಂಬ ಒಂದು ಸಾಧುಶಬ್ದಕ್ಕೆ ಗಾವೀ, ಗೋಣೀ, ಗೋತಾ, ಗೋಪೋತಲಿಕಾ ಎಂದು ಅನೇಕ ಅಪಭ್ರಂಶಗಳಿವೆ ಎಂದು ಮಹಾಭಾಷ್ಯದಲ್ಲಿ ಪತಂಜಲಿ ಪಟ್ಟಿ ಮಾಡುತ್ತಾನೆ. ಅಲ್ಲಿ ಅದು ಜಾರಿಬಿದ್ದ, ಕೆಟ್ಟ ಮಾತಿನ ಹೆಸರು. ಸಾವಿರ ವರ್ಷಗಳ ಬಳಿಕ, 10ನೆಯ ಶತಮಾನದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ಪುಷ್ಪದಂತನೆಂಬ ಜೈನ ಕವಿ ತನ್ನ ಮಹಾಪುರಾಣವನ್ನು ಬರೆದದ್ದು ಅದೇ ಹೆಸರಿನ ಭಾಷೆಯಲ್ಲಿ. ಬೈಗುಳವೇ ಕಾವ್ಯಭಾಷೆಯ ಹೆಸರಾಗಿತ್ತು. ದೋಷವೆನಿಸಿಕೊಂಡದ್ದು ಯಾರಾದರೂ ಅದರಲ್ಲಿ ಏನನ್ನಾದರೂ ಹೇಳುವವರೆಗೆ ಮಾತ್ರ ದೋಷ. ಕನ್ನಡ ನಾಡಿನಿಂದ ದೂರವಿದ್ದು, ಹಿಂದಿ ಬೆರೆತ ಕನ್ನಡವನ್ನು ಮಕ್ಕಳ ಬಾಯಿಂದ ಕೇಳಿ ದಿನವೂ ತಿದ್ದುವ ನಮಗೆ ಈ ನೆನಪು ಸ್ವಲ್ಪ ಚುಚ್ಚಿತೆಂದೂ ಒಪ್ಪಿಕೊಳ್ಳಬೇಕು.

ಮುಂದಿನ ಭಾನುವಾರ ನಾವೇ ರೇಡಿಯೋ ಇಳಿಸಿಕೊಟ್ಟೆವು. ಹಿಂಬದಿಯ ಹಲಗೆ ತೆಗೆದಾಗ ಹಳೆಯ ಮೇಣದ ವಾಸನೆ ಬಂದಿತು. ಸ್ಪೀಕರಿನ ಬಳಿ, ಬಿಇಎಲ್ ಎಂಬ ಅಚ್ಚು ಹೊತ್ತ ಎರಡು ಪುಟ್ಟ ಲೋಹದ ಕೊಳವೆಗಳಿದ್ದವು. ಜರ್ಮೇನಿಯಮ್ಮಿಗೆ ಬಿಸಿ ಆಗದು. ಆದುದರಿಂದ ಒಂದೊಂದು ಕಾಲನ್ನೂ ಚಿಮಟದಿಂದ ಹಿಡಿದು, ಬಿಸಿ ಮೇಲೇರದಂತೆ ನೋಡಿಕೊಂಡು, ಮಗ ಅವುಗಳನ್ನು ಬಿಡಿಸಿದ. ಈ ಬಗೆಯ ಟ್ರಾನ್ಸಿಸ್ಟರಿಗೆ ವಿದ್ಯುತ್ತು ಸಿಲಿಕಾನಿನದಕ್ಕೆ ವಿರುದ್ಧ ದಿಕ್ಕಿನಲ್ಲಿ ಬೇಕಾದ್ದರಿಂದ ಬ್ಯಾಟರಿಯನ್ನೂ ದಿಕ್ಕುಳ್ಳ ಕೆಪಾಸಿಟರುಗಳನ್ನೂ ತಿರುಗಿಸಿ ಹಾಕಿದ. ನಾವು ಒಂದೇ ಕರಾರು ಹಾಕಿದ್ದೆವು: ಅವುಗಳಿಗೆ ಬೆಸುಗೆ ಹಾಕಬಾರದು. ಅವನು ಸಾಕೆಟ್ ಕೂರಿಸಿ, ಕಾಲುಗಳನ್ನು ಬರಿದೇ ಚುಚ್ಚಿಟ್ಟ. ಬೇಕೆಂದ ದಿನ ಅವು ರೇಡಿಯೋಗೆ ಮರಳಬಹುದು.

ಆ ಸಂಜೆಯ ಸದ್ದನ್ನು ನಾವು ಕೆಟ್ಟದ್ದೆನ್ನಲಿಲ್ಲ. ಗಿಟಾರಿನ ಗುಂಡಿಯನ್ನು ಸ್ವಲ್ಪ ಇಳಿಸಿದರೆ ದನಿ ತಿಳಿಯಾಗುತ್ತಿತ್ತು, ಏರಿಸಿದರೆ ಕಂಬಳಿಯಂತೆ ದಪ್ಪವಾಗಿ ಜುಮ್ಮೆನ್ನುತ್ತಿತ್ತು. ತಂದೆಯವರ ರೇಡಿಯೋ ನಿಲಯಕ್ಕೆ ಸರಿಯಾಗಿ ಹೊಂದದಿದ್ದಾಗ ಹೊರಡಿಸುತ್ತಿದ್ದ ಗೊರಗೊರ ನೆನಪಾಯಿತು.

ಮೇ ತಿಂಗಳು ಬಂದಿತು. ದೆಹಲಿಯ ಬಿಸಿಲಿಗೆ ಪೆಟ್ಟಿಗೆ ಬಿಕ್ಕಳಿಸತೊಡಗಿತು. ಸ್ವರ ಅರ್ಧದಲ್ಲೇ ಕತ್ತರಿಸಿ ನಿಲ್ಲುತ್ತಿತ್ತು. ಶಾಖ ಸುಮಾರು 10 ಡಿಗ್ರಿ ಏರಿದರೆ ಜರ್ಮೇನಿಯಮ್ಮಿನೊಳಗಿನ ಸೋರಿಕೆ ಎರಡು ಪಟ್ಟಾಗುತ್ತದೆ. ಚಳಿಗಾಲದಲ್ಲಿ 4.5ಕ್ಕೆ ನಿಲ್ಲಿಸಿದ್ದ ವೋಲ್ಟೇಜು 7 ದಾಟಿತ್ತು. ಈಗ ಮಗ ಗಾಬರಿಯಾಗಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ತಿರುಗಿಸಿದ, ನಾವು ಅಂಕಿ ಓದಿದೆವು. ಸಾಲದಾದಾಗ ಪೆಟ್ಟಿಗೆಯನ್ನು ಒಯ್ದು ಕೂಲರಿನ ಮುಂದಿಟ್ಟ. "ಅಜ್ಜಾರಿಗೂ ಸೆಕಿ ಆಗತಿರಲಿಲ್ಲೇನು ಮತ್ತ?" ಎಂದು ನಕ್ಕ. ಆಗುತ್ತಿತ್ತು. ಬೇಸಿಗೆಯಲ್ಲಿ ಅವರು ರೇಡಿಯೋವನ್ನು ಹಿತ್ತಿಲ ಬೇವಿನ ನೆರಳಿಗೆ ಒಯ್ದು ಕುಳಿತುಕೊಳ್ಳುತ್ತಿದ್ದರು. ಅವನಿಗೆ ಅದನ್ನು ಹೇಳಿದೆವು.